ಗೋವಿನ ಹಾಡನ್ನು ಮಕ್ಕಳ ನಾಟಕ ಮಾಡಬೇಕು, ಬಲ್ಲವರು ಹೇಳಿ

ಶಾಲಾ ವಾರ್ಷಿಕೋತ್ಸವಕ್ಕೆ ಗೋವಿನ ಹಾಡನ್ನು ನಾಟಕವಾಗಿ ಬರೆಯುತ್ತಿದ್ದೇನೆ. 5ರಿಂದ 7ನೇ ತರಗತಿಯ 30 ಮಕ್ಕಳು, 45 ನಿಮಿಷ, ಮೈಕ್ ಇರುವುದು ಎರಡೇ. ಮೊದಲ ಕರಡು ಹಾಡನ್ನೇ ಮಾತಿಗೆ ಇಳಿಸಿದ ಹಾಗಿದೆ, ನಾಟಕ ಅನ್ನಿಸುತ್ತಿಲ್ಲ. ಕೊನೆಗೆ ಹುಲಿ ಸಾಯುವುದನ್ನು ಇಟ್ಟುಕೊಳ್ಳಲೋ ಬೇಡವೋ ಎಂದೂ ತಿಳಿಯುತ್ತಿಲ್ಲ. ಬರೆದು, ಆಡಿಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.
— ಕನ್ನಡ ಟೀಚರ್

ನಾಟಕ ಬರೆಯುವವರು:
ಮೇಡಂ, ಸದ್ಯಕ್ಕೆ ಮಾತು ಬರೆಯೋದು ನಿಲ್ಲಿಸಿ. ಹಾಡನ್ನು ಗಟ್ಟಿಯಾಗಿ ಓದುತ್ತಾ, ಏನು ನಡೆಯುತ್ತೆ ಅನ್ನೋದನ್ನು ಮಾತ್ರ ಗುರುತು ಹಾಕಿ. ಗೊಲ್ಲ ಕಾಳಿಂಗ ಹಸುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅರ್ಭುತ ಅನ್ನೋ ಹುಲಿ ಪುಣ್ಯಕೋಟಿ ಅನ್ನೋ ಹಸುವನ್ನು ಅಡ್ಡಗಟ್ಟುತ್ತೆ. ಪುಣ್ಯಕೋಟಿ ಮಾತು ಕೊಟ್ಟು ದೊಡ್ಡಿಗೆ ಬರುತ್ತಾಳೆ. ಹೀಗೆ ಎಂಟೊಂಬತ್ತು ಸಾಲು ಆದೀತು. ಪ್ರತಿ ಸಾಲಿನ ಎದುರು, ಆ ಗಳಿಗೆಯಲ್ಲಿ ಯಾರಿಗೆ ಏನು ಬೇಕು ಅಂತ ಬರೆಯಿರಿ. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಬೇಡವಾಗಿರುವ ಕಡೆ ಮಾತ್ರ ಮಾತು ಇಡಿ. ಮಿಕ್ಕಿದ್ದಕ್ಕೆ ಹಾಡು, ಕುಣಿತ ಸಾಕು.

ಇನ್ನು ಈ ಕಥೆಯಲ್ಲಿ ನಾಟಕಕಾರರಿಗೆಂದೇ ಬಿಟ್ಟ ಹಾಗಿರುವ ಒಂದು ಜಾಗ ಇದೆ. ಪುಣ್ಯಕೋಟಿ ದೊಡ್ಡಿಗೆ ಹೊರಟ ಕೂಡಲೇ ಹಾಡು ಅವಳ ಹಿಂದೆಯೇ ಹೋಗಿಬಿಡುತ್ತೆ. ಅಷ್ಟು ಹೊತ್ತು ಹುಲಿ ಏನು ಮಾಡ್ತಿತ್ತು? ನೋಡುವ ಮಗು ಖಂಡಿತ ಕೇಳುವ ಪ್ರಶ್ನೆ ಇದು. ಅದಕ್ಕೇ ಹುಲಿಯನ್ನು ಒಳಗೆ ಕಳಿಸಬೇಡಿ. ಬಲಮೂಲೆಯಲ್ಲಿ ಬೆನ್ನು ಹಾಕಿ ಕೂತಿರಲಿ. ಎಡಗಡೆ ಕರುವಿನ ದೃಶ್ಯ ನಡೆಯುವಾಗ ಮೂರೇ ಸಲ ಅಲ್ಲಾಡಲಿ. ಮೊದಲು ದಾರಿ ನೋಡುತ್ತೆ. ಆಮೇಲೆ ‘ಬರಲ್ಲ, ಯಾರು ತಾನೇ ಬರ್ತಾರೆ’ ಅನ್ನುತ್ತೆ. ಮೂರನೇ ಸಲ ಎದ್ದು ಹೊರಟು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಕೂರುತ್ತೆ. ನೀವು ಹೊಸದಾಗಿ ಬರೆಯಬೇಕಾದ್ದು ಇದನ್ನೇ. ಹುಲಿ ನಂಬಿರಲಿಲ್ಲ ಅನ್ನೋದು ಮಕ್ಕಳಿಗೆ ಗೊತ್ತಿದ್ದರೆ ಮಾತ್ರ, ಹಸು ಬಂದು ನಿಂತಾಗ ಹುಲಿಯ ಎದೆ ಯಾಕೆ ಒಡೆಯಿತು ಅನ್ನೋದು ಅರ್ಥವಾಗುತ್ತೆ.

‘ಆಗ ಹುಲಿ ಅಬ್ಬರಿಸಿತು’ ಅಂತ ಮೇಳ (ಒಟ್ಟಾಗಿ ಹಾಡುವ ಗುಂಪು) ಹಾಡಿ, ಆಮೇಲೆ ಹುಲಿಯೂ ಅಬ್ಬರಿಸಿದರೆ ಒಂದೇ ಸಂಗತಿ ಎರಡು ಸಲ ಬಂತು. ನಿಮ್ಮ ಕರಡಿನಲ್ಲಿ ಅಂಥವು ಎಷ್ಟಿವೆ ನೋಡಿ, ಎರಡರಲ್ಲೊಂದನ್ನು ಹೊಡೆದುಹಾಕಿ.

ಸಂಗೀತ ನೋಡಿಕೊಳ್ಳುವವರು:
ಈ ಹಾಡಿನದು ಏಳು ಮಾತ್ರೆಯ ನಡೆ, ಮೂರು ಮತ್ತು ನಾಲ್ಕು. ‘ಧರಣಿ’ಗೆ ಒಂದು ತಟ್ಟು, ‘ಮಂಡಲ’ಕ್ಕೆ ಇನ್ನೊಂದು. ಮಕ್ಕಳು ಚಪ್ಪಾಳೆಯಲ್ಲೇ ಹಿಡಿದುಬಿಡುತ್ತಾರೆ. ಹಸು ಮನೆಗೆ ಓಡುವಾಗ ಇದೇ ನಡೆ ಚುರುಕಾಗಿರಲಿ, ಹುಲಿಯ ಹತ್ತಿರ ಮರಳುವಾಗ ಅರ್ಧ ವೇಗಕ್ಕೆ ಇಳಿಸಿ. ದಾರಿ ಒಂದೇ, ಮಟ್ಟು ಒಂದೇ. ಆ ಕಾಲು ಭಾರವಾಗಿದ್ದು ಮಾತಿಲ್ಲದೆ ತಿಳಿಯುತ್ತೆ.

ಶ್ರುತಿ ಬಗ್ಗೆ ಎಚ್ಚರ. ಮೇಷ್ಟ್ರು ತಮಗೆ ಅನುಕೂಲವಾದ ಒಂದನೇ ಮನೆಯ ಶ್ರುತಿಯಲ್ಲಿ (ಹಾರ್ಮೋನಿಯಂನ C) ಹೇಳಿಕೊಟ್ಟರೆ ಮಕ್ಕಳು ಕೆಳಗೆ ಗೊಣಗುತ್ತಾರೆ. ಐದನೇ ಮನೆಯ (G) ಆಸುಪಾಸಿಗೆ ಏರಿಸಿ, ದನಿ ತಾನಾಗಿ ಬಿಚ್ಚಿಕೊಳ್ಳುತ್ತೆ. ಕರೋಕೆ ಟ್ರ್ಯಾಕ್ ಮಾತ್ರ ಬೇಡ. ಒಂದು ಮಗು ಸಾಲು ಮರೆತರೆ ಟ್ರ್ಯಾಕ್ ಕಾಯಲ್ಲ, ಹಾರ್ಮೋನಿಯಂನವರು ಕಾಯ್ತಾರೆ. ಹಾಡು ಜನಪದರದ್ದು, ಯಾರ ಅನುಮತಿಯೂ ಬೇಡ. ಆದರೆ ಸಿನಿಮಾದ ಅಥವಾ ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ ಹಕ್ಕುದಾರರಿರುತ್ತಾರೆ.

ಶಾಲೆಯಲ್ಲಿ ಆಡಿಸುವ ಮೇಷ್ಟ್ರು:
ಮಾತಿರುವ ಪಾತ್ರ ಆರೇಳು ಸಾಕು. ಉಳಿದವರೆಲ್ಲ ಮೇಳ. ಅವರೇ ಬೆಟ್ಟ, ಅವರೇ ಕಾಡು, ಅವರೇ ದನದ ಮಂದೆ. ಎರಡು ಮೈಕನ್ನೂ ಗಿಡ್ಡ ಸ್ಟ್ಯಾಂಡಿಗೆ ಹಾಕಿ ರಂಗದ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಇಡಿ. ಮಾತಾಡುವವರು ಮೂರಡಿ ಒಳಗೆ ಬಂದು ಮಾತಾಡಲಿ. ಕೈಯಿಂದ ಕೈಗೆ ಮೈಕ್ ದಾಟಿಸುವ ನಾಟಕ ಅಲ್ಲೇ ಸತ್ತುಹೋಗುತ್ತೆ.

ಹಳೆಯ ಮಾತಿಗೆ ಹೆದರಬೇಡಿ. ‘ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ’ ಅನ್ನುವಾಗ ಪೇಟೆ ಮಕ್ಕಳಿಗೆ ‘ಹಾಯು’ (ಕೊಂಬಿನಿಂದ ತಿವಿ) ಗೊತ್ತಿರಲ್ಲ. ಪದ ಬದಲಿಸಬೇಡಿ. ಗಂಗೆ, ಗೌರಿ, ತುಂಗಭದ್ರೆ ಹಸುಗಳಾದ ಮಕ್ಕಳು ಎರಡು ತೋರುಬೆರಳನ್ನು ಹಣೆಗಿಟ್ಟು ತಲೆ ತಗ್ಗಿಸಲಿ, ‘ಬೇಡಿ’ ಅಂದಾಗ ಬೆರಳು ಇಳಿಸಲಿ. ಪದದ ಅರ್ಥವೂ ತಿಳಿಯಿತು, ಕರುವನ್ನು ಒಪ್ಪಿಕೊಂಡದ್ದೂ ಕಂಡಿತು. ಮಿಕ್ಕ ಮಾತು ನಿಮ್ಮೂರಿನ ಕನ್ನಡದಲ್ಲೇ ಇರಲಿ. ಧಾರವಾಡದ ಮಗು ಪುಸ್ತಕದ ಕನ್ನಡದಲ್ಲಿ ಅತ್ತರೆ ಅಳು ಬರಲ್ಲ.

ಕರುವನ್ನು ಅಗಲುವ ದೃಶ್ಯ ನಾಲ್ಕು ನಿಮಿಷ ದಾಟದಿರಲಿ. ಎಲ್ಲರೂ ಎಳೆಯುವುದು ಅಲ್ಲೇ. ಮುಂದಿನ ಸಾಲಿನ ಚಿಕ್ಕವರು ಅಳಲು ಶುರುಮಾಡಿದರೆ ಆಮೇಲಿನ ಮಾತು ಯಾರಿಗೂ ಕೇಳಿಸಲ್ಲ.

ಮುಖವಾಡ, ರಂಗಸಜ್ಜಿಕೆಯವರು:
ಮುಖ ಪೂರ್ತಿ ಮುಚ್ಚುವ ಹುಲಿ ಮುಖವಾಡ ಮಾಡಬೇಡಿ, ದನಿ ಒಳಗೇ ಉಳಿಯುತ್ತೆ. ಟೋಪಿಯ ಹಾಗೆ ಹಣೆಯ ಮೇಲೆ ಕೂರುವಂತೆ ಮಾಡಿ, ಬಾಯಿ ಖಾಲಿ ಬಿಡಿ. ಜೇಡಿಮಣ್ಣಿನ ಅಚ್ಚಿನ ಮೇಲೆ ನೆನೆಸಿದ ಪೇಪರ್ ಚೂರನ್ನು ಮೈದಾ ಅಂಟಿನಲ್ಲಿ ಐದಾರು ಪದರ ಹಚ್ಚಿ. ಅಂಟಿಗೆ ಒಂದು ಲೋಟ ಮೈದಾ, ನಾಲ್ಕೈದು ಲೋಟ ನೀರು, ಸಣ್ಣ ಉರಿ. ಎರಡು ಪದರಕ್ಕೊಮ್ಮೆ ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತೆ. ಹುಳ ಬೀಳದಿರಲಿ ಅಂತ ಮೈಲುತುತ್ತ ಹಾಕುವವರಿದ್ದಾರೆ. ಅದು ವಿಷ, ಮಕ್ಕಳ ಹಣೆಗೆ ತಾಗುವ ವಸ್ತುವಿಗೆ ಖಂಡಿತ ಬೇಡ.

ಕೇಳಿದವರು:
ತುಂಬಾ ಉಪಕಾರವಾಯಿತು. ಹುಲಿಯ ಸಾವಿನ ಬಗ್ಗೆ? ಹುಲಿ, ಹಸು ಗೆಳೆಯರಾದರು ಅಂತ ಮುಗಿಸಿ ಎಂದು ಕೆಲವರು ಅನ್ನುತ್ತಿದ್ದಾರೆ.

ಮೇಷ್ಟ್ರು:
ಎದುರಿಗೆ ಕೂರುವವರು ಅಂಗನವಾಡಿ, ಒಂದನೇ ತರಗತಿಯವರೇ ಆದರೆ, ಹುಲಿ ಮಾತಿಲ್ಲದೆ ಬೆಟ್ಟ ಹತ್ತಿ ಮರೆಯಾದರೂ ನಡೆದೀತು. ಗೆಳೆತನ ಮಾತ್ರ ಬೇಡ.

ನಾಟಕ ಬರೆಯುವವರು:
ನಾನು ಅದನ್ನೂ ಒಪ್ಪಲ್ಲ. ಹಸು ಪ್ರಾಣ ಕೊಡೋಕೆ ಬಂದವಳು. ಎದುರಿನವನು ಏನೂ ಕೊಡದೆ ಹೋದರೆ ಅವಳ ಮಾತಿನ ತೂಕವೇ ಇಳಿಯುತ್ತೆ. ಟ್ಯಾಗೋರರ ಗಿಳಿಯ ಕಥೆಯಲ್ಲೂ, ವಿದ್ಯೆ ಕಲಿಸುತ್ತೇವೆ ಅಂತ ಬಾಯಿಗೆ ಪುಸ್ತಕದ ಹಾಳೆ ತುರುಕಿ ತುರುಕಿ ಹಕ್ಕಿ ಸಾಯುತ್ತೆ. ರಾಜ ಬೆರಳಿಂದ ಒತ್ತಿದಾಗ ಹೊಟ್ಟೆಯೊಳಗೆ ಪುಸ್ತಕದ ಒಣ ಹಾಳೆ ಸರಸರ ಅನ್ನುತ್ತೆ, ಅಷ್ಟೇ. ಸಾವನ್ನು ತೋರಿಸೋಕೆ ನರಳಾಟ, ಕೆಂಪು ಬಣ್ಣ ಏನೂ ಬೇಡ.

ರಂಗಸಜ್ಜಿಕೆಯವರು:
ಹಾಗಾದರೆ ಹುಲಿಯನ್ನು ಮೂರು ಮಕ್ಕಳು ಸೇರಿ ಮಾಡಲಿ, ಮೇಲೆ ನಾಲ್ಕು ಮೀಟರ್ ಹಳದಿ ಬಟ್ಟೆ, ಕಪ್ಪು ಪಟ್ಟೆ. ಕೊನೆಯ ನೆಗೆತಕ್ಕೆ ಮೇಳದವರು ಬೆಟ್ಟವಾಗಿ ಎದ್ದು ನಿಲ್ಲಲಿ. ಮುಂದಿನ ಮಗು ಮುಖವಾಡ ಕೆಳಗಿಡುತ್ತೆ, ಮೂವರೂ ಬೆಟ್ಟದ ಹಿಂದೆ ಜಾರುತ್ತಾರೆ, ಮೇಳದ ಇಬ್ಬರು ಬಟ್ಟೆಯನ್ನು ಮೇಲಕ್ಕೆ ಎಸೆಯುತ್ತಾರೆ. ಅದು ಖಾಲಿಯಾಗಿ ಬೀಳಲಿ. ದಪ್ಪ ಕಾಟನ್ ಹಾರದೆ ದೊಪ್ಪನೆ ಬೀಳುತ್ತೆ, ತೆಳು ವಾಯಿಲ್ ತನ್ನಿ. ಅದು ಕೆಳಗಿಳಿಯುವ ತನಕ ತಮಟೆ ನಿಂತಿರಲಿ. ಈ ಜಾರುವಿಕೆಯೊಂದನ್ನೇ ಕೊನೆಯ ವಾರ ದಿನಕ್ಕೆ ಹತ್ತು ಸಲ ಮಾಡಿಸಿ. ಒಂದು ಕಾಲು ಬಟ್ಟೆಗೆ ಸಿಕ್ಕರೂ ಮೂವರೂ ಬೀಳುತ್ತಾರೆ.