ದೈತ್ಯ ಮರ್ಸೆನ್ ಸಂಖ್ಯೆಗೆ ಮೊದಲು ಫರ್ಮಾ ಪರೀಕ್ಷೆ ಏಕೆ?

ಘಾತಾಂಕ: ಮರ್ಸೆನ್ ಅವಿಭಾಜ್ಯಗಳನ್ನು (2ರ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಗಳನ್ನು) ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಹುಡುಕುವ ಜಿಂಪ್ಸ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ 2^136279841 − 1 ಎಂಬ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅದನ್ನು ಮೊದಲು ಹಿಡಿದದ್ದು ಫರ್ಮಾ ಪರೀಕ್ಷೆ. ಅದರಲ್ಲಿ ಪಾಸಾದರೆ ‘ಬಹುಶಃ ಅವಿಭಾಜ್ಯ’ ಎಂದಷ್ಟೇ ಅರ್ಥ. ಲೂಕಾಸ್-ಲೆಹ್ಮರ್ ಪರೀಕ್ಷೆಯಾದರೆ ಖಚಿತ ಉತ್ತರ ಕೊಡುತ್ತದೆ, ಕೆಲಸವೂ ಹೆಚ್ಚುಕಮ್ಮಿ ಅಷ್ಟೇ. ಖಚಿತವಾದದ್ದನ್ನು ಹಿಂದಕ್ಕಿಡುವುದು ನನಗೆ ಸರಿಕಾಣುವುದಿಲ್ಲ.

ಶೇಷ: ಆ ಖಚಿತತೆ ಕಾಗದದ ಮೇಲಿನದು. 4ರಿಂದ ಹೊರಟು, ಪ್ರತಿ ಸಲ ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. 127ಕ್ಕೆ (2^7 − 1) ಮಾಡಿ ನೋಡಿ: 4, 14, 67, 42, 111, 0. ಕೊನೆಗೆ 0 ಬಂತು, ಅವಿಭಾಜ್ಯ. ಇಲ್ಲಿ ಐದೇ ಹೆಜ್ಜೆ, ಘಾತಕ್ಕಿಂತ ಎರಡು ಕಡಿಮೆ. ನೀವು ಹೇಳಿದ ಸಂಖ್ಯೆಗೆ 13.6 ಕೋಟಿ. ನಡುವೆ ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ, ಅಥವಾ ಎಫ್‌ಎಫ್‌ಟಿ ಗುಣಾಕಾರದ (ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ವಿಧಾನದ) ದಶಮಾಂಶ ಉತ್ತರವನ್ನು ಪೂರ್ಣಾಂಕ ಮಾಡುವಾಗ ಪಕ್ಕದ ಅಂಕಿಗೆ ಜಾರಿದರೆ, ಮುಂದಿನದೆಲ್ಲ ಕಸ. 0 ಬರಬೇಕಾದಲ್ಲಿ ಇನ್ನೇನೋ ಬರುತ್ತದೆ, ಅವಿಭಾಜ್ಯ ಸದ್ದಿಲ್ಲದೆ ಕೈತಪ್ಪುತ್ತದೆ.

ದ್ವಿಮಾನ: ಫರ್ಮಾ ಪರೀಕ್ಷೆಯಲ್ಲಿ 3ರಿಂದ ಹೊರಟು ಬರೀ ವರ್ಗ ಮಾಡುತ್ತೇವೆ, ಏನನ್ನೂ ಕಳೆಯುವುದಿಲ್ಲ. ಘಾತ ಎಷ್ಟೋ ಅಷ್ಟು ವರ್ಗಗಳಾದ ಮೇಲೆ ಶೇಷ 9 ಬರಬೇಕು: ಸಂಖ್ಯೆ ಅವಿಭಾಜ್ಯವಾದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೇರಿಸಿದ 3ರ ಶೇಷ 1; ಇಲ್ಲಿ ಘಾತ ಇನ್ನೂ 2 ಹೆಚ್ಚು, ಹಾಗಾಗಿ 9. 127ಕ್ಕೆ: 3, 9, 81, 84, 71, 88, 124, 9. ಬರೀ ವರ್ಗಗಳಾದ್ದರಿಂದಲೇ ಗೆರ್ಬಿಚ್ ತಪಾಸಣೆ, ಅಂದರೆ ಲೆಕ್ಕ ನಡುವೆ ತಪ್ಪಿತೇ ಎಂದು ಹಿಡಿಯುವ ವಿಧಾನ, ಸಾಧ್ಯ. 3ನ್ನೇ ಮೊದಲ ಗುಣಲಬ್ಧವಾಗಿಟ್ಟು, ಪ್ರತಿ 1000 ಹೆಜ್ಜೆಗೊಮ್ಮೆ ಸಿಕ್ಕ ಶೇಷದಿಂದ ಅದನ್ನು ಗುಣಿಸುತ್ತಾ ಹೋಗಿ. ಹಿಂದಿನ ಗುಣಲಬ್ಧವನ್ನು 1000 ಸಲ ವರ್ಗ ಮಾಡಿ 3ರಿಂದ ಗುಣಿಸಿದರೆ ಈಗಿನ ಗುಣಲಬ್ಧವೇ ಬರಬೇಕು. ಬರಲಿಲ್ಲವೇ, ಕೊನೆಯ ಸಲ ತಾಳೆಯಾದ ಸೇವ್ ಫೈಲ್‌ಗೆ ಮರಳಿ. 10 ಲಕ್ಷ ಹೆಜ್ಜೆಗೊಮ್ಮೆ ತಾಳೆ ನೋಡಿದರೆ ಹೆಚ್ಚುವರಿ ಕೆಲಸ ಶೇ 0.2ರಷ್ಟು ಮಾತ್ರ! ಲೂಕಾಸ್-ಲೆಹ್ಮರ್‌ನಲ್ಲಿ 2 ಕಳೆಯುವುದರಿಂದ ಈ ಸಮತೆ ನಿಲ್ಲುವುದಿಲ್ಲ. ಅದಕ್ಕಿರುವ ಜಾಕೋಬಿ ತಪಾಸಣೆ ಅರ್ಧದಷ್ಟು ತಪ್ಪುಗಳನ್ನಷ್ಟೇ ಹಿಡಿಯುತ್ತದೆ.

ಘಾತಾಂಕ: 3 ಯಾಕೆ? 2 ಇನ್ನೂ ಸುಲಭವಲ್ಲವೇ?

ದ್ವಿಮಾನ: ಸುಲಭ, ಆದರೆ ನಿರುಪಯೋಗಿ. 2047 = 2^11 − 1 = 23 × 89. 2^11ನ್ನು 2047ರಿಂದ ಭಾಗಿಸಿದರೆ ಶೇಷ 1; 2046 = 11 × 186; ಹಾಗಾಗಿ 2^2046ರ ಶೇಷವೂ 1. ಘಾತ ಅವಿಭಾಜ್ಯವಾಗಿರುವ ಮರ್ಸೆನ್ ಸಂಖ್ಯೆಗಳೆಲ್ಲ ಹೀಗೇ ಪಾಸಾಗಿಬಿಡುತ್ತವೆ. 3^2046ನ್ನು 89ರಿಂದ ಭಾಗಿಸಿದರೆ ಶೇಷ 34, 1 ಅಲ್ಲ; ಹಾಗಾಗಿ 2047ರಿಂದ ಭಾಗಿಸಿದಾಗಲೂ 1 ಬರುವುದಿಲ್ಲ. ಅಲ್ಲಿಗೆ 2047ರ ಬಣ್ಣ ಬಯಲು.

ಜರಡಿ: ಯಾವ ಪರೀಕ್ಷೆಗೂ ಮುಂಚೆ ಸಣ್ಣ ಅಪವರ್ತನಗಳನ್ನು ಹುಡುಕಿ. ಘಾತ 11 ಇದ್ದರೆ ಅಪವರ್ತನವನ್ನು 22ರಿಂದ ಭಾಗಿಸಿದಾಗ ಶೇಷ 1 ಇರಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7. 23 ಮೊದಲ ಪ್ರಯತ್ನದಲ್ಲೇ ಸಿಗುತ್ತದೆ.

ಘಾತಾಂಕ: ಗೆರ್ಬಿಚ್ ವಾದ ಒಪ್ಪುವಂಥದ್ದು. ಆದರೂ ಫರ್ಮಾ ಒಂದನ್ನೇ ನಂಬಿ ‘ಅವಿಭಾಜ್ಯ’ ಎಂದು ದಾಖಲಿಸುವುದನ್ನು ನಾನು ಒಪ್ಪಲಾರೆ.

ಶೇಷ: ಹಾಗೆ ಯಾರೂ ದಾಖಲಿಸಿಲ್ಲ. ಫರ್ಮಾ ಸುಳಿವು ಕೊಟ್ಟ ಮೇಲೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಿಂದ ಲೂಕಾಸ್-ಲೆಹ್ಮರ್ ನಡೆಸಿ, ಆಮೇಲೆ ಪ್ರಕಟಿಸಿದ್ದಾರೆ. ಅಂದಹಾಗೆ, ಅದನ್ನು ‘52ನೇ ಮರ್ಸೆನ್ ಅವಿಭಾಜ್ಯ’ ಎಂದು ಬರೆಯುವವರು ‘ಗೊತ್ತಿರುವವುಗಳಲ್ಲಿ’ ಎಂದು ಸೇರಿಸಲಿ. ಪ್ರಕಟಣೆಯ ಹೊತ್ತಿಗೆ ಅದಕ್ಕಿಂತ ಚಿಕ್ಕ ಘಾತಗಳೆಲ್ಲ ಎರಡೆರಡು ಸಲ ಪರೀಕ್ಷೆಯಾಗಿ ಮುಗಿದಿರಲಿಲ್ಲ.