ಅನುಕಲನವನ್ನು ಎಲ್ಲಿಂದ ಆರಂಭಿಸಬೇಕು? ಒಂದು ಕೋರಿಕೆ, ಕೆಲವು ಅನುಭವಗಳು

ಕೋರಿಕೆ: ತುಮಕೂರು ಜಿಲ್ಲೆಯ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ

ಬಿ.ಎಸ್ಸಿ. ಎರಡನೆಯ ಸೆಮಿಸ್ಟರಿನ ಅನುಕಲನದ (ಇಂಟಿಗ್ರೇಷನ್) ಘಟಕ ಈ ಸಲ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನೂ ಓದುತ್ತಿರುವ ನಲವತ್ತು ಮಂದಿ ಇದ್ದಾರೆ, ಎಲ್ಲರೂ ಪಿಯುಸಿಯಲ್ಲಿ ಇಂಟಿಗ್ರೇಷನ್ ಮಾಡಿ ಬಂದವರೇ. ಮೊದಲ ದಿನ ಎಕ್ಸ್ ವರ್ಗದ ಅನುಕಲ ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ‘ಎಕ್ಸ್ ಕ್ಯೂಬ್ ಬೈ ತ್ರೀ’ ಎಂದಿತು. ಅದು ಸೊನ್ನೆಯಿಂದ ಒಂದರವರೆಗಿನ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಕೊಡುವುದೇಕೆ ಎಂದು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ವಾರಕ್ಕೆ ನಾಲ್ಕು ಗಂಟೆ ಸಿಗುತ್ತದೆ. ಸೂತ್ರಗಳಿಂದ ಮುಂದುವರಿಯಲೇ, ಅಥವಾ ಮತ್ತೆ ಬುಡದಿಂದ ಹೇಳಲೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ತುಮಕೂರಿನಿಂದ, ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿರುವ ಅಧ್ಯಾಪಕರು

ಬುಡದಿಂದಲೇ ಹೇಳಿ, ಆದರೆ ಪಿಯುಸಿಯ ಪಾಠವನ್ನು ಮತ್ತೊಮ್ಮೆ ಒಪ್ಪಿಸುವ ರೀತಿಯಲ್ಲಿ ಬೇಡ. ನಿಮ್ಮ ವಿದ್ಯಾರ್ಥಿಗಳಿಗೆ ಅನುಕಲನವೆಂದರೆ ಅವಕಲನವನ್ನು (ಡಿಫರೆನ್ಸಿಯೇಷನ್) ಹಿಂದುಮುಂದು ಮಾಡುವ ಕ್ರಿಯೆ ಎಂಬುದಷ್ಟೇ ಗೊತ್ತಿದೆ. ಅದು ಮೊದಲಿಗೆ ಕೂಡುವ ಕ್ರಿಯೆ, ಚೂರುಚೂರು ಮಾಡಿ ಕೂಡುವ ಕ್ರಿಯೆ ಎಂಬುದು ಅವರ ಕೈಗೆ ಸಿಕ್ಕಿಲ್ಲ. ನಾನು ಮೊದಲ ಹತ್ತು ವರ್ಷ ವಿಧಾನದ ಹಿಂದೆ ವಿಧಾನ ಕಲಿಸುತ್ತಾ ಹೋದೆ. ಪರೀಕ್ಷೆಯ ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದೇ ಮಕ್ಕಳು ಭೌತವಿಜ್ಞಾನದ ತರಗತಿಯಲ್ಲಿ ಸರಳಿನ ಜಡತ್ವ ಮಹತ್ತ್ವವನ್ನು (ಮೊಮೆಂಟ್ ಆಫ್ ಇನರ್ಷಿಯಾ) ಕಂಡುಹಿಡಿಯಲು ಅನುಕಲವನ್ನು ತಾವೇ ಬರೆಯಬೇಕಾಗಿ ಬಂದಾಗ ಸುಮ್ಮನೆ ಕೂರುತ್ತಿದ್ದರು ಎಂದು ಸಹೋದ್ಯೋಗಿಗಳು ಹೇಳಿದ ಮೇಲೆ ನನ್ನ ಕ್ರಮವನ್ನು ಬದಲಿಸಿಕೊಂಡೆ. ಕೊಟ್ಟ ಅನುಕಲವನ್ನು ಬಿಡಿಸುವುದು ಅವರಿಗೆ ಬರುತ್ತಿತ್ತು, ಕಟ್ಟುವುದು ಬರುತ್ತಿರಲಿಲ್ಲ.

ಈಗ ನಾನು ಮೊದಲ ಪಾಠಕ್ಕೆ ಒಂದು ಹಿತ್ತಾಳೆ ಚೊಂಬು ಒಯ್ಯುತ್ತೇನೆ. ಜೊತೆಗೆ ದಾರ, ಅಳತೆಪಟ್ಟಿ ಮತ್ತು ಪ್ರಯೋಗಾಲಯದ ಅಳತೆ ಜಾಡಿ ಇರುತ್ತವೆ. ಈ ಚೊಂಬಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ನೀರು ತುಂಬದೆ ಹೇಳಬೇಕು ಎನ್ನುತ್ತೇನೆ. ಸಿಲಿಂಡರಿನ ಸೂತ್ರ ಹೊಂದುವುದಿಲ್ಲ, ಗೋಳದ್ದೂ ಹೊಂದುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರು ಅದನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದಂತೆ ಎಣಿಸಬಹುದು ಎನ್ನುತ್ತಾರೆ, ಮತ್ತು ಆ ಮಾತು ವಿದ್ಯಾರ್ಥಿಗಳ ಕಡೆಯಿಂದಲೇ ಬರುವವರೆಗೆ ನಾನು ಕಾಯುತ್ತೇನೆ. ಕಳೆದ ವರ್ಷದ ಅಳತೆಗಳು ನನ್ನ ಪುಸ್ತಕದಲ್ಲಿವೆ. ಎತ್ತರ 12 ಸೆಂಟಿಮೀಟರ್, ಎರಡೆರಡು ಸೆಂಟಿಮೀಟರಿಗೊಮ್ಮೆ ದಾರ ಸುತ್ತಿ ಅಳೆದ ಸುತ್ತಳತೆ ಬುಡದಿಂದ ಬಾಯಿಯವರೆಗೆ ಕ್ರಮವಾಗಿ 26, 36, 42, 44, 40, 30, 25. ಸುತ್ತಳತೆಯ ವರ್ಗವನ್ನು ನಾಲ್ಕು ಪೈಯಿಂದ ಭಾಗಿಸಿದರೆ ಆ ಮಟ್ಟದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಟ್ರೆಪಿಜಾಯ್ಡ್ ನಿಯಮದಂತೆ (ಪಕ್ಕಪಕ್ಕದ ಎರಡು ಅಳತೆಗಳ ಸರಾಸರಿ ಹಿಡಿದು) ಕೂಡಿದಾಗ ಸುಮಾರು 1,297 ಘನ ಸೆಂಟಿಮೀಟರ್ ಬಂದಿತು, ಅಳತೆಗಳ ನಡುವೆ ನೇರ ಗೆರೆಯ ಬದಲು ವಕ್ರರೇಖೆ ಹಿಡಿಯುವ ಸಿಂಪ್ಸನ್ ನಿಯಮದಿಂದ 1,303. ಆಮೇಲೆ ನೀರು ತುಂಬಿ ಜಾಡಿಗೆ ಸುರಿದು ನೋಡಿದೆವು: 1,240 ಮಿಲಿಲೀಟರ್.

ಅರವತ್ತು ಮಿಲಿಲೀಟರ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಮೊದಲು ಬಂದ ಉತ್ತರ ‘ಬಿಲ್ಲೆಗಳು ದಪ್ಪವಾದವು, ಇನ್ನೂ ತೆಳ್ಳಗೆ ಕತ್ತರಿಸಬೇಕು’ ಎಂಬುದು. ಹಾಗಿದ್ದರೆ ಎರಡು ನಿಯಮಗಳ ಉತ್ತರಗಳು ಒಂದಕ್ಕೊಂದು ಇಷ್ಟು ಹತ್ತಿರ ಬರುತ್ತಿರಲಿಲ್ಲವಲ್ಲ ಎಂದು ನಾನು ಕೇಳಿದೆ. ಕೊನೆಯ ಬೆಂಚಿನಲ್ಲಿದ್ದ ಒಬ್ಬ ಹುಡುಗಿ ಎದ್ದು ಬಂದು, ಚೊಂಬಿನ ಅಂಚನ್ನು ಬೆರಳಿನಲ್ಲಿ ಹಿಡಿದು, ದಾರ ಸುತ್ತಿದ್ದು ಹೊರಗಿನಿಂದ, ನೀರಿರುವುದು ಒಳಗೆ ಎಂದಳು. ಅಲ್ಲಿಂದ ಪಾಠ ತಾನಾಗಿಯೇ ಮುಂದುವರಿಯಿತು. ಸುತ್ತಳತೆಗಳನ್ನೇ ಎತ್ತರದ ಮೇಲೆ ಕೂಡಿದರೆ ಪಕ್ಕದ ಮೇಲ್ಮೈ ಹತ್ತಿರಹತ್ತಿರ 435 ಚದರ ಸೆಂಟಿಮೀಟರ್ ಆಗುತ್ತದೆ, ಅದರಿಂದ ಅರವತ್ತನ್ನು ಭಾಗಿಸಿದರೆ ಹಿತ್ತಾಳೆಯ ದಪ್ಪ ಒಂದೂಕಾಲು ಮಿಲಿಮೀಟರಿಗೆ ತುಸು ಹೆಚ್ಚು ಬರುತ್ತದೆ. (ಓರೆಯನ್ನು ಗಣನೆಗೆ ತೆಗೆದುಕೊಂಡರೆ ಮೇಲ್ಮೈ ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ, ಅದನ್ನು ಪರಿಭ್ರಮಣ ಮೇಲ್ಮೈಯ ಪಾಠಕ್ಕೆ ಉಳಿಸಿಕೊಳ್ಳುತ್ತೇನೆ.) ಪಠ್ಯದಲ್ಲಿ ತಿಂಗಳ ನಂತರ ಬರುವ ಘನಫಲ, ಮೇಲ್ಮೈ, ಸಂಖ್ಯಾತ್ಮಕ ಅನುಕಲನ ಈ ಮೂರರ ಬೀಜವೂ ಒಂದೇ ಚೊಂಬಿನಿಂದ ಸಿಕ್ಕಿತು.

ಎರಡನೆಯ ಪಾಠದಲ್ಲಿ ನೀವು ಕೇಳಿದ ಎಕ್ಸ್ ವರ್ಗಕ್ಕೇ ಬನ್ನಿ. ಸೊನ್ನೆಯಿಂದ ಒಂದರವರೆಗೆ ಹತ್ತು ಪಟ್ಟಿಗಳನ್ನು ಮಾಡಿಸಿ, ಎಡ ಅಂಚಿನ ಎತ್ತರದಿಂದ ಒಮ್ಮೆ, ಬಲ ಅಂಚಿನ ಎತ್ತರದಿಂದ ಒಮ್ಮೆ ಕೈಯಾರೆ ಕೂಡಿಸಿ. ಒಂದು 0.285, ಇನ್ನೊಂದು 0.385. ನೂರು ಪಟ್ಟಿಗಳಿಗೆ ಅವೇ 0.32835 ಮತ್ತು 0.33835 ಆಗುತ್ತವೆ. ಮೂರನೇ ಒಂದು ಎಂಬುದು ಎರಡೂ ಕಡೆಯಿಂದ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಅವರು ತಮ್ಮ ಬರಹದಲ್ಲೇ ಕಾಣುತ್ತಾರೆ. ಆಮೇಲಷ್ಟೇ ಅನುಕಲನದ ಚಿಹ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. 1675ರಲ್ಲಿ ಲೈಬ್ನಿಟ್ಸ್ ಅದನ್ನು ಬಳಕೆಗೆ ತಂದದ್ದು ಮೊತ್ತ ಎಂಬ ಅರ್ಥದ ಲ್ಯಾಟಿನ್ ಪದ ‘ಸುಮ್ಮ’ದ ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು ಎಂಬುದನ್ನು ಹೇಳಿ. ಚಿಹ್ನೆಯ ಹೊಟ್ಟೆಯಲ್ಲೇ ಕೂಡುವುದು ಇದೆ ಎಂದು ತಿಳಿದಾಗ ಮಕ್ಕಳ ಮುಖದಲ್ಲಿ ಬರುವ ಬೆಳಕನ್ನು ನೋಡಲು ನನಗೆ ಈಗಲೂ ಇಷ್ಟ. ನಮ್ಮ ನಾಡಿನ ನೆನಪೂ ಇಲ್ಲಿ ಸಲ್ಲುತ್ತದೆ: ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಬರೆದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಅಗೆದ ಹಳ್ಳಗಳ ಘನಫಲದ ಲೆಕ್ಕಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕೆರೆ, ಬಾವಿ ತೋಡುವ ನಾಡಿಗೆ ಇದು ಹೊಸ ಪ್ರಶ್ನೆಯೇನೂ ಅಲ್ಲ.

ಭೌತವಿಜ್ಞಾನದ ಮಕ್ಕಳಿಗೆ ಪಾವಗಡದ ಸೌರ ಪಾರ್ಕು ಒಳ್ಳೆಯ ಉದಾಹರಣೆ. ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಎಂದು ಎಲ್ಲರಿಗೂ ಗೊತ್ತು, ಆದರೆ ‘ದಿನಕ್ಕೆ 2,050 ಮೆಗಾವ್ಯಾಟ್’ ಎಂದು ಬರೆಯುವವರು ಪದವಿ ತರಗತಿಯಲ್ಲೂ ಇದ್ದಾರೆ. ಮೆಗಾವ್ಯಾಟ್ ಎಂಬುದು ದರ, ಯೂನಿಟ್ (ಕಿಲೋವ್ಯಾಟ್ ಗಂಟೆ) ಎಂಬುದು ಕೂಡಿದ ಮೊತ್ತ. ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 20.5 ಲಕ್ಷ ಯೂನಿಟ್ ಆಗುತ್ತದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಏರಿ ಇಳಿಯುತ್ತದೆ, ನಡುವೆ ಮೋಡ ಕವಿಯುತ್ತದೆ, ಹಾಗಾಗಿ ಗುಣಾಕಾರ ಸಾಲದು, ಅನುಕಲನವೇ ಬೇಕು. ಮೋಡ ಬಂದ ಹೊತ್ತಿನ ತಗ್ಗನ್ನೂ ಸೇರಿಸಿ ಗ್ರಾಫ್ ಹಾಳೆಯ ಮೇಲೆ ರೇಖೆ ಎಳೆಸಿ, ಚೌಕಗಳನ್ನು ಎಣಿಸಲು ಹೇಳಿ. ಆ ರೇಖೆಗೆ ಯಾವ ಸೂತ್ರವೂ ಇಲ್ಲ, ಆದರೂ ಅದಕ್ಕೆ ಅನುಕಲ ಇದೆ. ಈ ಒಂದು ಅಂಶ ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಆದಂತೆ.

ಉತ್ತರ: ಕೋಲಾರದಿಂದ, ರಸಾಯನವಿಜ್ಞಾನದ ಅಧ್ಯಾಪಕಿ

ಮೇಲಿನವರ ಮಾತಿಗೆ ನನ್ನ ವಿಷಯದ ಕಡೆಯಿಂದ ಎರಡು ಸೇರ್ಪಡೆಗಳಿವೆ.

ಮೊದಲನೆಯದು ಸ್ಥಿರಾಂಕದ್ದು. ‘ಪ್ಲಸ್ ಸಿ’ ಬಿಟ್ಟರೆ ಅರ್ಧ ಅಂಕ ಹೋಗುತ್ತದೆ ಎಂಬ ಹೆದರಿಕೆಯಿಂದ ಅದನ್ನು ಬರೆಯುತ್ತಾರೆಯೇ ಹೊರತು ಅದೇನೆಂದು ಕೇಳಿದರೆ ಹೇಳಲಾರರು. ನಾನು ಕೆರೆಯಿಂದ ವಿವರಿಸುತ್ತೇನೆ. ನಮ್ಮ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಸಂಸ್ಕರಿತ ಕೊಳಚೆ ನೀರು ಬರುತ್ತಿರುವುದರಿಂದ ಹರಿವಿನ ಲೆಕ್ಕ ಇಲ್ಲಿನ ಮಕ್ಕಳಿಗೆ ಹೊಸತಲ್ಲ. ಬರುವ ನೀರಿನ ದರದಿಂದ ಇಂಗುವ ಮತ್ತು ಆವಿಯಾಗುವ ದರಗಳನ್ನು ಕಳೆದು, ಅದನ್ನು ದಿನಗಳ ಮೇಲೆ ಅನುಕಲಿಸಿದರೆ ಕೆರೆಯಲ್ಲಿ ನೀರು ಎಷ್ಟು ಹೆಚ್ಚಿತು ಎಂಬುದು ತಿಳಿಯುತ್ತದೆ. ಕೆರೆಯಲ್ಲಿ ಈಗ ಎಷ್ಟಿದೆ ಎಂದು ಹೇಳಬೇಕಾದರೆ ಮೊದಲ ದಿನ ಎಷ್ಟಿತ್ತು ಎಂಬುದು ಬೇಕೇ ಬೇಕು. ಆ ಮೊದಲ ದಿನದ ನೀರೇ ‘ಸಿ’. ತೂಬಿನ ಬಳಿ ನಿಂತು ಹರಿವನ್ನು ಎಷ್ಟೇ ನಿಖರವಾಗಿ ಅಳೆದರೂ ಅದು ಗೊತ್ತಾಗುವುದಿಲ್ಲ. ಪ್ರಥಮ ದರ್ಜೆಯ (ಫಸ್ಟ್ ಆರ್ಡರ್) ರಾಸಾಯನಿಕ ಕ್ರಿಯೆಯಲ್ಲಿ ಆರಂಭದ ಸಾರತೆಯನ್ನು ಕೊಟ್ಟೇ ಸ್ಥಿರಾಂಕವನ್ನು ಕಂಡುಕೊಳ್ಳುವುದೇಕೆ ಎಂಬುದನ್ನು ಆಮೇಲೆ ನಾನು ಮತ್ತೆ ವಿವರಿಸಬೇಕಾಗಿ ಬಂದಿಲ್ಲ.

ಎರಡನೆಯದು ‘ಡಿ ಎಕ್ಸ್’. ಬಹಳ ಮಂದಿ ಅದನ್ನು ವಾಕ್ಯದ ಕೊನೆಯ ಪೂರ್ಣವಿರಾಮದಂತೆ ಕಾಣುತ್ತಾರೆ, ಅವಸರದಲ್ಲಿ ಬಿಟ್ಟೂ ಬಿಡುತ್ತಾರೆ. ಅದಕ್ಕೆ ಏಕಮಾನವಿದೆ ಎಂದು ತೋರಿಸಿ. ಒತ್ತಡವನ್ನು ‘ಡಿ ವಿ’ಯಿಂದ ಗುಣಿಸಿದಾಗಲೇ ಕೆಲಸ ಜೂಲ್‌ಗಳಲ್ಲಿ ಬರುತ್ತದೆ, ಒತ್ತಡವೊಂದನ್ನೇ ಎಷ್ಟು ಕೂಡಿದರೂ ಅದು ಒತ್ತಡವೇ. ಪ್ರತಿ ಅನುಕಲದ ಪಕ್ಕದಲ್ಲಿ ಏಕಮಾನವನ್ನು ಬರೆಸುವ ಅಭ್ಯಾಸವನ್ನು ಗಣಿತದ ಅಧ್ಯಾಪಕರೂ ಮಾಡಿಸಿದರೆ ನಮಗೆ ಬಹಳ ಉಪಕಾರವಾಗುತ್ತದೆ.

ಉತ್ತರ: ಗೌರಿಬಿದನೂರಿನಿಂದ, ನಿವೃತ್ತ ಪ್ರಾಧ್ಯಾಪಕರು

ಚೊಂಬಿನ ಪಾಠವನ್ನು ಓದಿ ಸಂತೋಷವಾಯಿತು. ಆದರೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅರ್ಥ ಮುಖ್ಯ ಎಂದುಕೊಂಡು ಅಭ್ಯಾಸವನ್ನು ಹಗುರವಾಗಿ ಕಾಣಬೇಡಿ. ಮಗ್ಗಿ ಬಾರದವನಿಗೆ ಭಾಗಾಕಾರದ ತತ್ವ ಎಷ್ಟು ತಿಳಿದಿದ್ದರೂ ಲೆಕ್ಕ ನಿಂತುಹೋಗುತ್ತದೆ, ಹಾಗೆಯೇ ಆದೇಶ ವಿಧಾನ, ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿಗಳು ಎಂಬ ಅನುಕಲನದ ತಂತ್ರಗಳು ಬೆರಳ ತುದಿಗೆ ಬಾರದ ವಿದ್ಯಾರ್ಥಿ ಮುಂದಿನ ವರ್ಷ ಅವಕಲ ಸಮೀಕರಣಗಳಲ್ಲಿ ಸೋಲುತ್ತಾನೆ. ನಾನು ಪ್ರತಿದಿನ ಐದೇ ಲೆಕ್ಕ ಕೊಡುತ್ತಿದ್ದೆ. ಆದರೆ ಉತ್ತರವನ್ನು ಅವಕಲಿಸಿ ತಾಳೆ ನೋಡಿದ ಸಾಲು ಇಲ್ಲದಿದ್ದರೆ ಪುಸ್ತಕವನ್ನು ಹಿಂದಿರುಗಿಸುತ್ತಿದ್ದೆ.

ಅಭ್ಯಾಸದಲ್ಲೇ ಅರ್ಥ ಮೂಡಿಸುವ ಲೆಕ್ಕಗಳೂ ಇವೆ. ಸೈನ್ ಎಕ್ಸ್ ಮತ್ತು ಕೊಸೈನ್ ಎಕ್ಸ್‌ಗಳ ಗುಣಲಬ್ಧವನ್ನು ಅನುಕಲಿಸಲು ಹೇಳಿ. ಒಂದು ಬೆಂಚಿನಿಂದ ‘ಸೈನ್ ವರ್ಗದ ಅರ್ಧ’ ಎಂದು ಬರುತ್ತದೆ, ಇನ್ನೊಂದರಿಂದ ‘ಕೊಸೈನ್ ವರ್ಗದ ಅರ್ಧ, ಋಣ ಚಿಹ್ನೆಯೊಂದಿಗೆ’, ಮತ್ತೊಂದರಿಂದ ‘ಕೊಸೈನ್ ಎರಡು ಎಕ್ಸ್‌ನ ಕಾಲು ಭಾಗ, ಋಣ ಚಿಹ್ನೆಯೊಂದಿಗೆ’. ಮೂರೂ ಸರಿ. ಯಾರದು ಸರಿ ಎಂದು ಅವರೇ ವಾದ ಮಾಡಲಿ. ಮೂರರ ನಡುವಿನ ವ್ಯತ್ಯಾಸ ಬರಿಯ ಸ್ಥಿರಾಂಕ ಎಂದು ಕಂಡುಕೊಂಡವರು ಆಮೇಲೆ ‘ಸಿ’ಯನ್ನು ಮರೆಯುವುದಿಲ್ಲ. ಇನ್ನೊಂದು, ಒಂದರ ಕೆಳಗೆ ಎಕ್ಸ್ ವರ್ಗವನ್ನು ಋಣ ಒಂದರಿಂದ ಧನ ಒಂದರವರೆಗೆ ಅನುಕಲಿಸುವುದು. ಕಣ್ಣುಮುಚ್ಚಿ ಸೂತ್ರ ಹಾಕಿದರೆ ಋಣ ಎರಡು ಬರುತ್ತದೆ. ಎಲ್ಲೆಡೆ ಧನವಾಗಿರುವ ಉತ್ಪನ್ನದ (ಫಂಕ್ಷನ್) ಕೆಳಗೆ ಋಣ ವಿಸ್ತೀರ್ಣ ಹೇಗೆ ಬಂದಿತು ಎಂದು ಕೇಳಿ, ರೇಖೆಯನ್ನು ಎಳೆಸಿ. ಸೊನ್ನೆಯ ಬಳಿ ಅದು ಆಕಾಶಕ್ಕೆ ಏರಿ ಹೋಗುವುದನ್ನು, ಆದ್ದರಿಂದ ಅವಕಲನ, ಅನುಕಲನಗಳನ್ನು ಬೆಸೆಯುವ ಮೂಲಪ್ರಮೇಯವನ್ನು ಅಲ್ಲಿ ಬಳಸುವಂತೆಯೇ ಇಲ್ಲ ಎಂಬುದನ್ನು ಅವರು ಸ್ವತಃ ನೋಡಲಿ.

ಉತ್ತರ: ಚಿಕ್ಕಬಳ್ಳಾಪುರದಿಂದ, ಎಂ.ಎಸ್ಸಿ. ವಿದ್ಯಾರ್ಥಿನಿ

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಗೆ ಬಂದಾಗ ಗಣಿತವೂ ಭಾಷೆಯೂ ಒಟ್ಟಿಗೆ ಹೊಸದಾದವು. ಅನುಕಲನ ನನಗೆ ಅರ್ಥವಾದದ್ದು ಪದವಿಯಲ್ಲಿ, ನಮ್ಮ ಮೇಡಂ ಪ್ರತಿ ಚಿಹ್ನೆಯನ್ನೂ ಕನ್ನಡದ ವಾಕ್ಯವಾಗಿ ಓದಿಸಿದಾಗ. ‘ಎಕ್ಸ್ ಸೊನ್ನೆಯಿಂದ ಒಂದರವರೆಗೆ ನಡೆಯುವಾಗ, ಪ್ರತಿ ಹೆಜ್ಜೆಯಲ್ಲೂ ಎತ್ತರವನ್ನು ಹೆಜ್ಜೆಯ ಅಗಲದಿಂದ ಗುಣಿಸಿ ಕೂಡುತ್ತಾ ಹೋಗು’ ಎಂದು ನಾವು ಗಟ್ಟಿಯಾಗಿ ಹೇಳಬೇಕಿತ್ತು, ಆಮೇಲೆ ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಯಬೇಕಿತ್ತು. ದ್ವಿ ಅನುಕಲನದಲ್ಲಿ ಕ್ರಮ ಬದಲಿಸುವಾಗ ನಾನು ಈಗಲೂ ಮನಸ್ಸಿನಲ್ಲಿ ಕನ್ನಡದಲ್ಲೇ ‘ಮೊದಲು ನಿಂತ ಪಟ್ಟಿ, ಈಗ ಮಲಗಿದ ಪಟ್ಟಿ’ ಎಂದುಕೊಂಡೇ ಮಿತಿಗಳನ್ನು ಬರೆಯುತ್ತೇನೆ. ದಯವಿಟ್ಟು ನಿಮ್ಮ ತರಗತಿಯಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಮಕ್ಕಳಿಗೆ ಮೊದಲ ದಿನವೇ ಅನುಮತಿ ಕೊಡಿ. ಎಷ್ಟೋ ಮಂದಿಗೆ ಸಂದೇಹ ಇರುತ್ತದೆ, ವಾಕ್ಯ ಇರುವುದಿಲ್ಲ.

ಮರುಪ್ರಶ್ನೆ: ಕೋರಿಕೆ ಸಲ್ಲಿಸಿದವರಿಂದ

ಎಲ್ಲರಿಗೂ ಮನಸಾರೆ ವಂದನೆಗಳು. ಎರಡು ಸಂದೇಹಗಳು ಉಳಿದಿವೆ. ಪರೀಕ್ಷೆಯಲ್ಲಿ ಸಂಕ್ಷೇಪಣ ಸೂತ್ರಗಳಿಗೆ (ರಿಡಕ್ಷನ್ ಫಾರ್ಮುಲಾ) ಸಾಕಷ್ಟು ಅಂಕಗಳಿವೆ, ಅವುಗಳನ್ನು ಬಾಯಿಪಾಠ ಮಾಡಿಸದೆ ಉಪಾಯವಿದೆಯೇ? ಚೊಂಬಿನ ಪಾಠಕ್ಕೆ ಒಂದು ಗಂಟೆ ಸಾಕಾಗುತ್ತದೆಯೇ?

ಉತ್ತರ: ತುಮಕೂರಿನ ಅಧ್ಯಾಪಕರಿಂದ

ಸಂಕ್ಷೇಪಣ ಸೂತ್ರವನ್ನು ಇಳಿಯುವ ಮೆಟ್ಟಿಲು ಎಂದು ಕಲಿಸಿ. ಸೈನ್‌ನ ಎನ್ ಘಾತದಲ್ಲಿ ಒಂದು ಸೈನನ್ನು ಬೇರ್ಪಡಿಸಿ ಭಾಗಶಃ ಅನುಕಲನವನ್ನು ಒಂದೇ ಸಲ ಮಾಡಿಸಿದರೆ, ಸೊನ್ನೆಯಿಂದ ಪೈ ಬೈ ಎರಡರವರೆಗಿನ ಬೆಲೆ ಎರಡು ಘಾತ ಕೆಳಗಿನ ಬೆಲೆಯ, ಎನ್‌ನಿಂದ ಒಂದು ಕಳೆದು ಎನ್‌ನಿಂದ ಭಾಗಿಸಿದಷ್ಟು ಎಂದು ಸಿಗುತ್ತದೆ. ಆರನೇ ಘಾತದಿಂದ ಇಳಿದರೆ ಆರರಲ್ಲಿ ಐದು, ನಾಲ್ಕರಲ್ಲಿ ಮೂರು, ಎರಡರಲ್ಲಿ ಒಂದು, ಕೊನೆಗೆ ಸೊನ್ನೆಯ ಘಾತದ ನೆಲಕ್ಕೆ ಬಂದು ಪೈ ಬೈ ಎರಡು ಸಿಗುತ್ತದೆ. ಒಟ್ಟು ಐದು ಪೈಯ 32ನೇ ಒಂದು ಭಾಗ. ಐದನೇ ಘಾತದಿಂದ ಇಳಿದವರು ಒಂದನೇ ಘಾತದ ಮೆಟ್ಟಿಲಲ್ಲಿ ನಿಲ್ಲುತ್ತಾರೆ, ಅಲ್ಲಿನ ಬೆಲೆ ಒಂದು, ಆದ್ದರಿಂದ ಉತ್ತರ 15ರಲ್ಲಿ 8. ಸಮಸಂಖ್ಯೆಗೆ ಪೈ ಬರುವುದೇಕೆ, ಬೆಸಕ್ಕೆ ಬಾರದಿರುವುದೇಕೆ ಎಂಬುದು ಇಷ್ಟರಿಂದಲೇ ತಿಳಿಯುವುದರಿಂದ ಅದನ್ನು ಬೇರೆ ನಿಯಮವಾಗಿ ನೆನಪಿಡಬೇಕಾಗಿಲ್ಲ.

ಚೊಂಬಿಗೆ ಒಂದು ಗಂಟೆ ಸಾಲದು, ಎರಡು ಗಂಟೆಗಳ ಪ್ರಾಯೋಗಿಕ ಅವಧಿಯಲ್ಲಿ ಇಟ್ಟುಕೊಳ್ಳಿ. ನಾಲ್ಕೈದು ಜನರಿಗೊಂದರಂತೆ ಚೊಂಬುಗಳನ್ನು ಮನೆಯಿಂದ ತರಿಸಿದರೆ ಒಂದೊಂದರ ಆಕಾರವೂ ಬೇರೆಯಾಗಿ ಹೋಲಿಕೆಗೆ ಅನುಕೂಲವಾಗುತ್ತದೆ. ದಾರ ಮಾತ್ರ ಹಿಗ್ಗದಂಥದ್ದಾಗಿರಲಿ. ನಾವು ಮೊದಲ ವರ್ಷ ಉಲ್ಲನ್ ದಾರ ಬಳಸಿ ಪ್ರತಿ ಸುತ್ತಳತೆಯಲ್ಲೂ ಒಂದು ಸೆಂಟಿಮೀಟರಿನಷ್ಟು ಕಳೆದುಕೊಂಡಿದ್ದೆವು. ಹೂವು ಕಟ್ಟುವ ಹತ್ತಿ ದಾರ ಸರಿಹೋಗುತ್ತದೆ. ಚೊಂಬಿನ ಮೇಲೆ ಮಟ್ಟಗಳನ್ನು ಗುರುತಿಸುವಾಗ ಅಳತೆಪಟ್ಟಿಯನ್ನು ಹೊಟ್ಟೆಯ ವಕ್ರಕ್ಕೆ ಒರಗಿಸದೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಗುರುತು ಹಾಕಿಸಿ.