ಹಳೇ ವೈರಿಂಗ್ ಮನೆಯಲ್ಲಿ ಲೈಟ್ ಸ್ವಿಚ್ ಬದಲಿಸಬೇಕು, ತಿಳಿದವರು ಹೇಳಿ

ಪ್ರಶ್ನೆ: ಮನೆ ಹಳೆಯದು. ಸ್ವಿಚ್ ಒತ್ತಿದರೆ ಚಟಪಟ ಸದ್ದು, ಒಂದೆರಡು ಬಿಸಿಯೂ ಆಗುತ್ತವೆ. ಒಳಗೆ ಎಲ್ಲ ವೈರ್‌ಗಳೂ ಕಪ್ಪು, ಅರ್ಥಿಂಗ್ ವೈರ್ ಕಾಣಲಿಲ್ಲ. ಸ್ವಿಚ್ ಮಾತ್ರ ಬದಲಿಸಿದರೆ ಸಾಕೇ?

—

ಲೈಟ್ ಆರಿತು ಎಂದ ಮಾತ್ರಕ್ಕೆ ಕರೆಂಟ್ ಹೋಗಿದೆ ಎಂದುಕೊಳ್ಳಬೇಡಿ. ಹಳೇ ಮನೆಗಳಲ್ಲಿ ನ್ಯೂಟ್ರಲ್‌ಗೂ (ಕರೆಂಟ್ ವಾಪಸ್ ಹೋಗುವ ವೈರ್) ಫ್ಯೂಸ್ ಇರುವುದುಂಟು. ಅದನ್ನು ಕಿತ್ತರೆ ಬಲ್ಬ್ ಆರುತ್ತದೆ, ಫೇಸ್ (ಕರೆಂಟ್ ಬರುವ ವೈರ್) ಮಾತ್ರ ಸ್ವಿಚ್‌ನಲ್ಲಿ ಹಾಗೇ ಇರುತ್ತದೆ. ಮೇನ್ ಸ್ವಿಚ್ಚೇ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಬೇರೆಯಾಗಿ ಆಫ್ ಮಾಡಿ, ಮೇನ್ ಆಫ್ ಆದ ಕೂಡಲೇ ಅದು ಆ ಬೋರ್ಡ್‌ಗೆ ಕರೆಂಟ್ ಕೊಡಲು ಶುರುಮಾಡುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ಆಮೇಲೆ ಮೇನ್ ಆಫ್ ಮಾಡಿ ಬೋರ್ಡ್‌ನ ಪ್ರತಿ ಟರ್ಮಿನಲ್‌ಗೂ ಮುಟ್ಟಿಸಿ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಬಣ್ಣ ನಂಬುವ ಹಾಗಿಲ್ಲವಾದ್ದರಿಂದ ಬಿಚ್ಚುವ ಮೊದಲೇ ಫೋಟೊ ತೆಗೆದು, ಪ್ರತಿ ವೈರಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಒಂದು ಸ್ಕ್ರೂ ಕೆಳಗೆ ಎರಡು ವೈರ್ ಇದ್ದರೆ ಅದು ಬಹುತೇಕ ಫೇಸ್ ಲೂಪ್, ಪಕ್ಕದ ಸ್ವಿಚ್‌ಗೆ ಕರೆಂಟ್ ಅಲ್ಲಿಂದಲೇ ಹೋಗುತ್ತದೆ. ಎರಡನ್ನೂ ಹೊಸ ಸ್ವಿಚ್‌ನ ಅದೇ ಟರ್ಮಿನಲ್‌ಗೆ ಹಾಕದಿದ್ದರೆ ಮುಂದಿನ ಸ್ವಿಚ್‌ಗಳೆಲ್ಲ ಸತ್ತಂತೆ.

—

ಟು ವೇ ಸ್ವಿಚ್ ಇದ್ದರೆ (ಮೆಟ್ಟಿಲ ಲೈಟಿನಂತೆ ಒಂದೇ ಲೈಟನ್ನು ಎರಡು ಕಡೆಯಿಂದ ಹಾಕುವಂಥದು) ನಂಬರ್ ಸಾಲದು, ಮಧ್ಯದ ಕಾಮನ್ ಟರ್ಮಿನಲ್ ಯಾವುದೆಂದು ಗುರುತು ಹಾಕಿ. ಹೊಸ ಸ್ವಿಚ್‌ನಲ್ಲಿ ಕಾಮನ್ ಬೇರೆ ಜಾಗದಲ್ಲಿರಬಹುದು.

—

ಬಿಸಿಯಾಗುವ ಸ್ವಿಚ್‌ನ ತಪ್ಪು ಹೆಚ್ಚಾಗಿ ಸ್ವಿಚ್‌ನದಲ್ಲ, ಸಡಿಲ ಜಾಯಿಂಟಿನದು. ವೈರ್ ಅಲ್ಯೂಮಿನಿಯಂ ಆಗಿದ್ದರೆ ಇದು ಮಾಮೂಲು: ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗಿ ಹಿಡಿತ ಬಿಡುತ್ತದೆ, ಮೇಲೆ ಆಕ್ಸೈಡ್ ಪದರ ಬೇರೆ ಕಟ್ಟುತ್ತದೆ. ಅದನ್ನು ತಾಮ್ರದ ತುಂಡಿಗೆ ಹೊಸೆದು ಟೇಪ್ ಸುತ್ತುವುದು ಎಲ್ಲಕ್ಕಿಂತ ಕೆಟ್ಟ ಕೆಲಸ.

—

ಪ್ರಶ್ನೆ ಕೇಳಿದವರು: ವೈರಿನ ಕೊನೆ ಬೆಳ್ಳಗಿದೆ. ಹಾಗಾದರೆ ಅಲ್ಯೂಮಿನಿಯಮ್ಮೇ?

—

ಅವಸರ ಬೇಡ. ರಬ್ಬರ್ ಹೊದಿಕೆಯ ಹಳೇ ವೈರ್‌ಗಳಲ್ಲಿ ತಾಮ್ರಕ್ಕೆ ತವರ ಬಳಿದಿರುತ್ತಿತ್ತು, ರಬ್ಬರಿನ ಗಂಧಕ ತಾಮ್ರವನ್ನು ತಿನ್ನದಿರಲೆಂದು. ಕರೆಂಟ್ ಇಲ್ಲದಾಗ ಚಾಕುವಿನಿಂದ ಕೆರೆದು ನೋಡಿ. ಒಳಗೆ ಕೆಂಪಗಿದ್ದರೆ ತಾಮ್ರ. ಆದರೆ ರಬ್ಬರ್ ವೈರ್ ಅಂತಾದರೆ ಇನ್ನೊಂದು ತಲೆನೋವು. ಹೊದಿಕೆ ಒಣಗಿ, ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಕೊನೆಯ ಒಂದೆರಡು ಇಂಚು ಮಾತ್ರ ಹಾಗಿದ್ದು ಒಳಗೆ ಗಟ್ಟಿಯಿದ್ದರೆ ಸ್ಲೀವ್ (ವೈರ್ ಮೇಲೆ ತೂರಿಸುವ ಹೊದಿಕೆ ಕೊಳವೆ) ಹಾಕಿ ಸದ್ಯಕ್ಕೆ ನಡೆಸಬಹುದು. ಪೈಪಿನೊಳಗೂ ಉದುರುತ್ತಿದ್ದರೆ ಸ್ವಿಚ್ ಕೆಲಸ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಹೊದಿಕೆಯ ತಡೆ ಅಳೆಯುವ ಮೀಟರ್) ಇನ್ಸುಲೇಷನ್ ಪರೀಕ್ಷೆ ಮಾಡಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಲೈನ್ ಬದಲಿಸಲೇಬೇಕು.

ಅರ್ಥಿಂಗ್ ಇಲ್ಲದ ಕಡೆ ಲೋಹದ ಬಾಕ್ಸ್, ಲೋಹದ ಪ್ಲೇಟ್ ಹಾಕಬೇಡಿ. ಪ್ಲಾಸ್ಟಿಕ್ಕೇ ಇರಲಿ. ಅರ್ಥಿಂಗ್ ಬದಲು ನ್ಯೂಟ್ರಲ್‌ಗೆ ಕೊಡಿ ಅನ್ನುವವರ ಮಾತನ್ನಂತೂ ಕೇಳಲೇಬೇಡಿ.

—

ಜೋಡಿಸುವಾಗ ಹೊದಿಕೆ 8–10 ಮಿಲಿಮೀಟರ್ ಮಾತ್ರ ಸುಲಿಯಿರಿ. ಸಣ್ಣ ಎಳೆಗಳ ವೈರ್ ಆದರೆ ಹೊಸೆದು, ಮಡಚಿ, ದಪ್ಪ ಮಾಡಿ ಒಳಗೆ ತೂರಿಸಿ. ಬಿಗಿ ಮಾಡಿದ ಮೇಲೆ ಒಂದೊಂದನ್ನೂ ಎಳೆದು ನೋಡಿ. ವೈರ್ ಗಿಡ್ಡವಾಗಿದ್ದರೆ ಎಳೆದಾಡಬೇಡಿ, ಕನೆಕ್ಟರ್ ಹಾಕಿ 1.5 ಚದರ ಮಿಲಿಮೀಟರ್ ತಾಮ್ರದ ತುಂಡು ಸೇರಿಸಿ (ಇದು ತಾಮ್ರಕ್ಕೆ ಮಾತ್ರ).

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ. ಬಲ್ಬ್ ತೆಗೆದು, ಮೇನ್ ಆನ್ ಮಾಡಿ, ಸ್ವಿಚ್ ಆಫ್ ಇಟ್ಟು ಹೋಲ್ಡರಿನ ಎರಡೂ ಪಿನ್ನಿಗೆ ಟೆಸ್ಟರ್ ಹಿಡಿಯಿರಿ. ಚೆನ್ನಾಗಿ ಉರಿದರೆ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿದೆ ಎಂದರ್ಥ, ಬಲ್ಬ್ ಬದಲಿಸುವವರಿಗೆ ಶಾಕ್ ಕಾದಿದೆ. ಅದು ಸ್ವಿಚ್ ತಿರುಗಿಸಿ ಹಾಕಿದರೆ ಸರಿಹೋಗದು, ಬೋರ್ಡ್‌ಗೆ ಫೇಸ್ ತರಿಸಬೇಕು. ಮಂದವಾಗಿ ಮಿನುಗಿದರೆ ಅದು ಪಕ್ಕದ ವೈರಿನ ಪ್ರಭಾವದಿಂದ ತೋರುವ ಹುಸಿ ವೋಲ್ಟೇಜ್ ಇರಬಹುದು, ಮೀಟರ್ ಹಾಕಿ ಖಚಿತಪಡಿಸಿಕೊಳ್ಳಿ.